‘ಅಂದ್ರ?’ ಎಂಬ ಶಾಸ್ತ್ರ

ನನ್ನ ಮದುವೆ ಮುರಿದು ಬೀಳುವ ಹಂತಕ್ಕೆ ಬಂದದ್ದು ಒಂದು ಲಿಂಬೆಹಣ್ಣಿನಿಂದ. ಊರಿನವರು ತತ್ವಶಾಸ್ತ್ರದಿಂದ ಎನ್ನುತ್ತಾರೆ. ಅದು ತಪ್ಪು. ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿದವನು; ಯಾವ ಕ್ರಿಯೆಗೆ ಯಾವ ವಸ್ತು ಕಾರಣ ಎಂಬುದನ್ನು ಬೇರ್ಪಡಿಸಿ ನೋಡದೆ ಬಿಡುವವನಲ್ಲ. ತತ್ವಶಾಸ್ತ್ರ ಒಂದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಲಿಂಬೆಹಣ್ಣು ಒಂದೇ ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ. ಎರಡೂ ಒಂದೇ ಮೊಳೆಗೆ ಬಿದ್ದವು.

ಎಂ.ಕೆ. ಹುಬ್ಬಳ್ಳಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಕಬ್ಬಿನ ಹಾಲಿನಲ್ಲಿ ಸಕ್ಕರೆಯ ಅಂಶ ಎಷ್ಟಿದೆ ಎಂದು ನೋಡುವುದು ನನ್ನ ಕೆಲಸ. ಒಂದು ಸಂಜೆ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದಾಗ, ಸಿಹಿ ಇರುವುದು ಕಬ್ಬಿನಲ್ಲೋ ತಿನ್ನುವವನ ನಾಲಿಗೆಯಲ್ಲೋ ಎಂಬ ಪ್ರಶ್ನೆ ಎದ್ದಿತು. ಚೀಫ್ ಕೆಮಿಸ್ಟರನ್ನು ಕೇಳಿದೆ. ಅವರು ನನ್ನ ಹಣೆ ಮುಟ್ಟಿ ನೋಡಿ, "ನಾಳೆ ಸೂಟಿ ತಗೋರಿ" ಎಂದರು. ಒಂದು ದಿನದ ಸೂಟಿಯಲ್ಲಿ ಮುಗಿಯುವ ಪ್ರಶ್ನೆ ಅದಲ್ಲ ಎಂದು ನನಗೆ ಅನ್ನಿಸಿತು. ನೌಕರಿ ಬಿಟ್ಟು, ಕಿತ್ತೂರಿನಲ್ಲಿ ಹೊಸದಾಗಿ ತೆರೆದಿದ್ದ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ತತ್ವಶಾಸ್ತ್ರದ ಎಂ.ಎ.ಗೆ ಹೆಸರು ಹಚ್ಚಿದೆ. ಬೈಲಹೊಂಗಲದ ನಮ್ಮ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ವಯಸ್ಸು ಮೂವತ್ತು ದಾಟಿತ್ತು. ಕಂಡಕ್ಟರ್ ನನಗೆ ವಿದ್ಯಾರ್ಥಿ ಪಾಸು ತೋರಿಸಲು ಕೇಳುವಾಗ ಹಿಂದಿನ ಸೀಟಿನವರು ಎದ್ದು ನಿಂತು ನೋಡುತ್ತಿದ್ದರು.

ಇದೆಲ್ಲ ನನ್ನ ಸ್ವಂತ ನಷ್ಟವಾಗಿ ಮುಗಿಯುತ್ತಿತ್ತು, ಅದೇ ಬೇಸಿಗೆಯಲ್ಲಿ, ನೌಕರಿ ಬಿಡುವ ಮೊದಲು, ನನಗೆ ಹೆಣ್ಣು ನೋಡಿರದಿದ್ದರೆ.

ಹುಡುಗಿ ಸವದತ್ತಿಯ ಹತ್ತಿ ವ್ಯಾಪಾರಿ ನಿಜಗುಣಪ್ಪನವರ ಮಗಳು ನಾಗರತ್ನಾ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳೆದುರು ಕುಳಿತ ಗಾಬರಿಯಲ್ಲಿ ನಾನು ತಾಟಿನೊಳಗಿನ ಅವಲಕ್ಕಿ ಚೂಡಾವನ್ನು ಚಮಚದಿಂದ ಎತ್ತಿ ಚಹಾದ ಕಪ್ಪಿಗೆ ಹಾಕಿ ತಿರುವತೊಡಗಿದೆ. ಹಿರಿಯರೆಲ್ಲ ಗೋಡೆ ನೋಡಿದರು. ಅವಳು ಮಾತ್ರ, "ಅದು ಕರಗೂದಿಲ್ರಿ" ಎಂದಳು. ಒಬ್ಬ ಕೆಮಿಸ್ಟನಿಗೆ ಒಬ್ಬ ಹುಡುಗಿ ಹೇಳಬಹುದಾದ ಇದಕ್ಕಿಂತ ಖಚಿತವಾದ ಮಾತನ್ನು ನಾನು ಈವರೆಗೆ ಕೇಳಿಲ್ಲ. ಮಾಡಿಕೊಂಡರೆ ಇವಳನ್ನೇ ಎಂದು ತಿರುಗಿ ಬರುವ ಬಸ್ಸಿನಲ್ಲೇ ಅಪ್ಪನಿಗೆ ಹೇಳಿದೆ. ಅವರ ಕಡೆಯಿಂದಲೂ ಹೂಂ ಎಂದು ಬಂತು. ಸಾಕರಪುಡಿ ಮಾಡಿ ನಿಶ್ಚಯ ಮುಗಿಸುವುದೊಂದೇ ಬಾಕಿ.

ಅಷ್ಟರಲ್ಲಿ ನಾನು ನೌಕರಿ ಬಿಟ್ಟ ಸುದ್ದಿ ಸವದತ್ತಿ ಮುಟ್ಟಿತು. ನಿಜಗುಣಪ್ಪನವರು ಅಪ್ಪನಿಗೆ ಫೋನ್ ಮಾಡಿದರು.

"ನೋಡ್ರಿ, ಸಕ್ಕರಿ ಫ್ಯಾಕ್ಟರಿ ಹುಡುಗ ಅಂತ ನಾವು ಹೂಂ ಅಂದದ್ದು. ಈಗ ಸಕ್ಕರೀನೂ ಇಲ್ಲ, ಫ್ಯಾಕ್ಟರೀನೂ ಇಲ್ಲ. ಮದಲ ಹೆಸರು ಸಿದ್ಧಾರೂಢ. ಅದರ ಮ್ಯಾಲೆ ತತ್ವ ಓದಾಕ ಹೊಂಟಾನ. ನಾಳೆ ಕಾವಿ ಉಟ್ಟು ಮನಿ ಬಿಟ್ಟ ನಡದ್ರ ನನ್ನ ಮಗಳ ಗತಿ ಏನ್ರಿ?"

ಅಪ್ಪ ಬಜಾರಿನಲ್ಲಿ ಹಗ್ಗದ ಅಂಗಡಿ ಇಟ್ಟವನು. ಗಿರಾಕಿಯನ್ನು ಬಿಡಬಾರದು ಎಂಬುದು ಅವನ ರಕ್ತದಲ್ಲಿದೆ. "ಛೇ ಛೇ, ಕಾವಿ ಎಲ್ಲೀದ್ರಿ? ಅವನ ಬಣ್ಣಕ್ಕ ಕಾವಿ ಒಪ್ಪೂದ ಇಲ್ಲ" ಎಂದ.

ನಿಜಗುಣಪ್ಪನವರಿಗೆ ಈ ವಾದ ಸಾಲಲಿಲ್ಲ. ರಾಮದುರ್ಗದಲ್ಲಿರುವ ತಮ್ಮ ಅಕ್ಕ ಸುಂದರವ್ವ ಏನು ಹೇಳುತ್ತಾಳೋ ಹಾಗೆ ಎಂದು ಫೋನ್ ಇಟ್ಟರು. ತಾಯಿಯಿಲ್ಲದ ನಾಗರತ್ನಾಳನ್ನು ಬೆಳೆಸಿದವರು ಈ ಸೋದರತ್ತೆ. ಕಣ್ಣಿನ ಆಪರೇಷನ್ ಆಗಿದ್ದರಿಂದ ನನ್ನನ್ನು ನೋಡಲು ಬಂದಿರಲಿಲ್ಲ. ಈಗ ನನ್ನ ಮದುವೆ ಅವರ ಕಣ್ಣಿನ ಪಟ್ಟಿ ಬಿಚ್ಚುವುದನ್ನು ಕಾಯುತ್ತಿತ್ತು.

ನಾನು ಕಿತ್ತೂರಿನಲ್ಲಿ ತತ್ವಶಾಸ್ತ್ರಕ್ಕೆ ಹೊಂದಿಕೊಳ್ಳುತ್ತಿದ್ದೆ.

ನಮ್ಮ ವಿಭಾಗದಲ್ಲಿ ಒಬ್ಬ ಪ್ರಾಧ್ಯಾಪಕರು, ಮೂವರು ವಿದ್ಯಾರ್ಥಿಗಳು. ಪ್ರಜ್ಞಾ ನಿಜವಾಗಿ ಓದಲು ಬಂದವಳು. ಪಾಠಕ್ಕೆ ಮೊದಲೇ ಪಾಠವನ್ನು ಓದಿಕೊಂಡು ಬಂದು ಸರ್ ತಪ್ಪಿದರೆ ಮೆಲ್ಲಗೆ ಕೆಮ್ಮುತ್ತಿದ್ದಳು. ಸಂದೀಪ ಬಂದದ್ದು ಫ್ಯಾನಿಗಾಗಿ. "ಇಲ್ಲಿ ಗದ್ದಲಿಲ್ಲ, ಗಾಳಿ ಐತಿ. ಪಿ.ಎಸ್.ಐ. ಪರೀಕ್ಷೆಗೆ ಓದಾಕ ಇಷ್ಟ ಸಾಕರಿ ಅಣ್ಣಾರ" ಎಂದು ಹಿಂದಿನ ಬೆಂಚಿನಲ್ಲಿ ಸಾಮಾನ್ಯ ಜ್ಞಾನದ ಪುಸ್ತಕ ಹರವಿಕೊಂಡು ಕೂಡುತ್ತಿದ್ದ. ಮೂರನೆಯವನು ನಾನು.

ಪ್ರಾಧ್ಯಾಪಕರು ಗುರುನಾಥ ಸರ್. ಅವರ ಇಡೀ ವಿದ್ವತ್ತು ಒಂದು ಮಾತಿನಲ್ಲಿ ಅಡಗಿತ್ತು: "ಅಂದ್ರ?" ಯಾರು ಏನೇ ಹೇಳಲಿ, ಕನ್ನಡಕ ತೆಗೆದು ಹಾಗೆ ಕೇಳುತ್ತಿದ್ದರು. ಮೊದಲ ದಿನ ಸಂದೀಪ ಎದ್ದು ನಿಂತ.

"ಸರ್, ಬಾತ್‌ರೂಮ್ ಎಲ್ಲೈತ್ರಿ?"

"ಎಲ್ಲೈತಿ ಅಂದ್ರ?"

"ಅಂದ್ರ... ಯಾವ ಕಡೆರಿ?"

"ಯಾವ ಕಡೆ ಅಂದ್ರ? ಯಾರಿಂದ ಯಾವ ಕಡೆ?"

ದಿಕ್ಕು ಎಂಬುದು ನಿಂತವನಿಗೆ ತಕ್ಕಂತೆ ಬದಲಾಗುತ್ತದೆ, ತನಗೆ ತಾನೇ ಇರುವುದಿಲ್ಲ ಎಂದು ಸರ್ ಸಾಧಿಸಿ ಮುಗಿಸುವಷ್ಟರಲ್ಲಿ ಸಂದೀಪ ಕಟ್ಟಡದ ಹಿಂದಕ್ಕೆ ಓಡಿದ್ದ. ಪ್ರಜ್ಞಾ ಟಿಪ್ಪಣಿ ಬರೆದುಕೊಂಡಳು. ನಾನು ಮೈಮರೆತು ಕುಳಿತಿದ್ದೆ. ಎಷ್ಟು ಸಣ್ಣ ಮಾತು, ಎಷ್ಟು ದೊಡ್ಡ ಕೆಲಸ! ಲಿಟ್ಮಸ್ ಕಾಗದದ ಹಾಗೆ. ಎಲ್ಲಿ ಅದ್ದಿದರೂ ಬಣ್ಣ ಬದಲಾಗುತ್ತದೆ. ಅಂದಿನಿಂದ ನಾನೂ ಅದನ್ನು ಎಲ್ಲದರಲ್ಲೂ ಅದ್ದತೊಡಗಿದೆ. ಅವ್ವ "ರೊಟ್ಟಿ ಸಾಕೇನೋ?" ಎಂದು ಕೇಳಿದರೆ "ಸಾಕು ಅಂದ್ರ?" ಎನ್ನುತ್ತಿದ್ದೆ. ಎರಡು ದಿನ ಸಹಿಸಿ ಮೂರನೆಯ ದಿನ ಅವಳು ರೊಟ್ಟಿಯ ಬುಟ್ಟಿಯನ್ನೇ ಎತ್ತಿಕೊಂಡು ಒಳಗೆ ಹೋದಳು. ತತ್ವಶಾಸ್ತ್ರಕ್ಕೆ ನಾನು ಮಾಡಿದ ಮೊದಲ ತ್ಯಾಗ ಅದು.

ಮೊದಲ ಸೆಮಿನಾರಿಗೆ ನನಗೆ ಬಂದ ವಿಷಯ, ಸುಳ್ಳು ಹೇಳುವುದು ಯಾವಾಗಲಾದರೂ ಸರಿಯೇ ಎಂಬುದು. ವಿಜ್ಞಾನದವನು ಎಂದು ತೋರಿಸಿಕೊಳ್ಳಬೇಕಲ್ಲ, ದೊಡ್ಡ ಹಾಳೆಯ ಮೇಲೆ ಗ್ರಾಫ್ ಬರೆದು ಗೋಡೆಗೆ ಅಂಟಿಸಿದೆ.

"ಕೆಳಗ ಅಡ್ಡಗೆರಿ ಮ್ಯಾಲೆ ಏನೈತ್ರಿ ಅಣ್ಣಾರ?" ಎಂದಳು ಪ್ರಜ್ಞಾ.

"ಸುಳ್ಳು."

"ಎದರಾಗ ಅಳದ್ರಿ?"

"ಅದು... ಅಂದಾಜು."

"ಅಂದಾಜು ಅಂದ್ರ?" ಎಂದರು ಸರ್.

ಸಂದೀಪ ಪುಸ್ತಕದಿಂದ ತಲೆ ಎತ್ತದೆ, "ಕಿಲೋದಾಗ ಅನ್ರಿ, ಮುಗೀಲಿ" ಎಂದ.

ಆದರೂ ನಾನು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದೆ: ತನ್ನ ಲಾಭಕ್ಕಾಗಿ ಸುಳ್ಳು ಹೇಳುವವನು ತತ್ವಶಾಸ್ತ್ರದ ವಿದ್ಯಾರ್ಥಿಯಾಗಲು ಯೋಗ್ಯನಲ್ಲ. ಪ್ರಜ್ಞಾ ಚಪ್ಪಾಳೆ ತಟ್ಟಿದಳು. ಅಂದು ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಬಂದೆ.

ಆ ಹೆಮ್ಮೆಯಲ್ಲೇ ಮನೆಯ ಬಾಗಿಲ ಪಕ್ಕಕ್ಕೆ ಒಂದು ಬೋರ್ಡು ಬರೆಸಿದೆ. ಮೇಲೆ ‘ಸಿದ್ಧಾರೂಢ, ಬಿ.ಎಸ್‌ಸಿ.’ ಕೆಳಗೆ ‘ಎಂ.ಎ. ತತ್ವಶಾಸ್ತ್ರ’. ಬರೆಯುವವನು, "ಎಂ.ಎ. ಮುಗದೈತೇನ್ರಿ?" ಎಂದು ಕೇಳಿದ. ನಡೆದಿದೆ, ಬ್ರಾಕೆಟ್ ಹಾಕು ಎಂದೆ. ಬ್ರಾಕೆಟ್ಟಿಗೆ ಜಾಗವಿಲ್ಲ ಎಂದ. ಮುಗಿಯದ ಎಂ.ಎ. ಹಾಕಿಕೊಳ್ಳುವುದು ಸುಳ್ಳಲ್ಲವೇ ಎಂಬ ಸಂಶಯ ಬಂತು. ಸ್ವಲ್ಪ ಮುಂಚಿತವಾಗಿ ಹೇಳಿದ ನಿಜ ಎಂದು ವರ್ಗೀಕರಿಸಿ ಮುಂದೆ ನಡೆದೆ.

ಅಮಾವಾಸ್ಯೆಯ ದಿನ ಅವ್ವ, ಮಂದಿಯ ಕಣ್ಣು ಬೀಳದಿರಲಿ ಎಂದು ಒಂದು ಲಿಂಬೆಹಣ್ಣಿಗೆ ಹಸಿಮೆಣಸಿನಕಾಯಿ ಪೋಣಿಸಿ ಬೋರ್ಡಿನ ಮೊಳೆಗೇ ಕಟ್ಟಿದಳು. ಮೊಳೆ ನಡುವೆ ಇತ್ತು. ಹಣ್ಣು ನೇರವಾಗಿ ಇಳಿದು ‘ತತ್ವ’ದ ಮೇಲೆ ಕೂತಿತು. ಹಾದಿಯಲ್ಲಿ ಹೋಗುವವರಿಗೆ ಈಗ ಕಾಣುತ್ತಿದ್ದದ್ದು ಇಷ್ಟು: ಎಂ.ಎ., ಲಿಂಬೆಹಣ್ಣು, ಶಾಸ್ತ್ರ.

ನಮ್ಮ ಕಡೆ ಶಾಸ್ತ್ರ ಕೇಳುವುದು ಎಂದರೆ ಮುಂದೆ ಆಗುವುದನ್ನು ಕೇಳುವುದು. ಮಳೆ ಯಾವಾಗ, ಕಳೆದ ಬಂಗಾರ ಎಲ್ಲಿ, ಸೊಸೆಗೆ ಗಂಡೋ ಹೆಣ್ಣೋ. ಅದಕ್ಕೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಎಂ.ಎ. ಆದವರು ಇರಲಿಲ್ಲ.

ಮೊದಲು ಬಂದವಳು ಹಿಂದಿನ ಓಣಿಯ ಲಗಮವ್ವ. ನಾನು ಕಟ್ಟೆಯ ಮೇಲೆ ಕುಳಿತು ಓದುತ್ತಿದ್ದೆ.

"ಸಿದ್ದಪ್ಪಾ, ನನ್ನ ಎಮ್ಮಿ ಕಳದೈತೋ."

"ಕಳದೈತಿ ಅಂದ್ರ?" ಎಂದೆ, ಅಭ್ಯಾಸಬಲದಿಂದ.

"ಅಂದ್ರ ಕಾಣವಲ್ದು."

"ಯಾರಿಗೆ ಕಾಣವಲ್ದು?"

"ನನಗ."

"ನಿನಗ ಕಾಣವಲ್ದು ಅಂದ್ರ ಇಲ್ಲ ಅಂತೇನಬೇ?"

ಲಗಮವ್ವ ನನ್ನನ್ನು ದಿಟ್ಟಿಸಿದಳು. ಅವಳ ಬಾಯಿ ಮೆಲ್ಲಗೆ ತೆರೆಯಿತು. "ಹಂಗಾರ ಬ್ಯಾರೆ ಯಾರಿಗೋ ಕಾಣಾಕ ಹತ್ತೈತಿ ಅಂತೀ! ಯಾರಿಗೆ ಅಂತ ನನಗ ಗೊತ್ತಾತು ಬಿಡೋ ಎಪ್ಪಾ!" ಎಂದವಳೇ ಸೆರಗು ಬಿಗಿದುಕೊಂಡು ಓಡಿದಳು. ಎಮ್ಮೆ ಅದೇ ಓಣಿಯ ದೇವಕ್ಕನ ದನದ ಕೊಟ್ಟಿಗೆಯಲ್ಲಿ ಮೇವು ತಿನ್ನುತ್ತಿತ್ತು. ಅದು ತಾನಾಗಿ ಬಂದು ನಿಂತದ್ದು ಎಂದು ದೇವಕ್ಕ, ಕಟ್ಟಿಕೊಂಡದ್ದು ಎಂದು ಲಗಮವ್ವ ಓಣಿಯ ತುಂಬ ಕೂಗಾಡಿದರು. ಒಂದು ಮಾತಿನಲ್ಲಿ ಮಾತ್ರ ಇಬ್ಬರೂ ಒಪ್ಪಿದರು: ಸಿದ್ದಪ್ಪ ಕುಳಿತಲ್ಲೇ ಎಮ್ಮೆ ಕಂಡ.

"ನಾ ಏನೂ ಹೇಳಿಲ್ಲ" ಎಂದು ನಾನು ಕಂಡಕಂಡವರಿಗೆ ಹೇಳಿದೆ.

"ದೊಡ್ಡವ್ರು ಹಂಗ ಅಂತಾರ" ಎಂದು ಲಗಮವ್ವ ನಮ್ಮ ಹೊಸ್ತಿಲಿಗೆ ಕಾಯಿ ಒಡೆದಳು.

ಆಮೇಲೆ ತಹಶೀಲ್ದಾರ ಕಚೇರಿಯ ಗುಮಾಸ್ತ ಮಧು ಬಂದ. ಫೈಲುಗಳ ನಡುವೆ ಸಣಕಲಾಗಿ ಹೋದ ಮನುಷ್ಯ.

"ನನ್ನ ವರ್ಗ ಆಗತೈತೇನ್ರಿ?"

"ವರ್ಗ ಅಂದ್ರ?" ಎಂದೆ. ಪದಾರ್ಥಗಳ ವರ್ಗವೋ, ಸಮಾಜದ ವರ್ಗವೋ, ನನಗೆ ನಿಜವಾಗಿಯೂ ಸಂಶಯವಿತ್ತು.

"ವರ್ಗ ಅಂದ್ರ ಬ್ಯಾರೆ ಊರಿಗೆ ಹಾಕೂದ್ರಿ."

"ಬ್ಯಾರೆ ಊರು ಅಂದ್ರ?"

ಮಧು ಬೆವರು ಒರೆಸಿಕೊಂಡ. "ಅಂದ್ರ... ರಾಮದುರ್ಗ?"

ನಾನು ಸ್ಥಳ ಎಂದರೇನು ಎಂಬ ಬಗ್ಗೆ ಗುರುನಾಥ ಸರ್ ಹೇಳಿದ್ದನ್ನು ನೆನಪು ಮಾಡಿಕೊಳ್ಳುತ್ತಿದ್ದೆ. ಮುಂದಿನ ವಾರ ಆದೇಶ ಬಂತು. ರಾಮದುರ್ಗ. ಮಧು ಹೋಗುವ ಮೊದಲು ನನ್ನ ಕಾಲು ಮುಟ್ಟಲು ಬಂದ. ನಾನು ಕಾಲು ಎಳೆದುಕೊಂಡದ್ದನ್ನು ಆತ ವೈರಾಗ್ಯ ಎಂದು ತಿಳಿದ. ಅಲ್ಲಿ ಹೋಗಿ ಮೊದಲ ದಿನವೇ ಇಡೀ ಕಚೇರಿಗೆ ನನ್ನ ಸುದ್ದಿ ಹಬ್ಬಿಸಿದ.

ಒಂದು ತಿಂಗಳಲ್ಲಿ ನನಗೆ ಹೆಸರು ಬಂತು, ನನ್ನದಲ್ಲದ್ದು. ನಮ್ಮ ಕಡೆ ಮಠದ ಸ್ವಾಮಿಗಳಿಗೆ ಗೌರವದಿಂದ ಅಜ್ಜಾರು ಎನ್ನುತ್ತಾರೆ. ದಿನವೂ ಗಡ್ಡ ಹೆರೆದುಕೊಂಡು, ಬೆನ್ನಿಗೆ ಕಾಲೇಜಿನ ಚೀಲ ಹಾಕಿಕೊಂಡು, ಪಾಸು ತೋರಿಸಿ ಬಸ್ಸು ಹತ್ತುವ ನಾನು ‘ಎಂ.ಎ. ಅಜ್ಜಾರು’ ಆದೆ. ಬೋರ್‌ವೆಲ್ ಕೊರೆಸುವವರು ಬಂದರು, ಪಂಚಾಯತಿ ಚುನಾವಣೆಗೆ ನಿಲ್ಲುವವರು ಬಂದರು. ಎಲ್ಲರಿಗೂ ನಾನು "ಅಂದ್ರ?" ಎನ್ನುತ್ತಿದ್ದೆ, ಎಲ್ಲರೂ ತಮಗೆ ಬೇಕಾದ ಉತ್ತರವನ್ನು ತಾವೇ ಹೇಳಿಕೊಂಡು ನನಗೆ ಕೈಮುಗಿದು ಹೋಗುತ್ತಿದ್ದರು. ದನ ಕಳೆದುಕೊಂಡವರನ್ನಂತೂ ಅಪ್ಪ ಅಂಗಡಿಯಿಂದಲೇ ಕಳಿಸುತ್ತಿದ್ದ. "ಮದಲ ಶಾಸ್ತ್ರ ಕೇಳ್ಕೊಂಡ ಬರ್ರಿ. ದನ ಸಿಕ್ಕ ಮ್ಯಾಲೆ ಕಟ್ಟಾಕ ಹಗ್ಗ ಬೇಕಲ್ಲ, ಇತ್ತಾಗ ಬರ್ರಿ" ಎನ್ನುತ್ತಿದ್ದ. ತತ್ವಶಾಸ್ತ್ರಕ್ಕೂ ಹಗ್ಗದ ವ್ಯಾಪಾರಕ್ಕೂ ಇರುವ ಸಂಬಂಧವನ್ನು ಯಾವ ಪಠ್ಯಕ್ರಮವೂ ಈವರೆಗೆ ಗುರುತಿಸಿಲ್ಲ.

ಇದನ್ನು ನಿಲ್ಲಿಸಲೇಬೇಕೆಂದು ಒಂದು ಬೆಳಿಗ್ಗೆ ಲಿಂಬೆಹಣ್ಣು ಕಿತ್ತೆ. ಅವ್ವ ಇನ್ನೊಂದು ಕಟ್ಟಿದಳು. ಕೊನೆಗೆ ಸುಣ್ಣದ ಕಡ್ಡಿಯಿಂದ ಗೋಡೆಯ ಮೇಲೆ ದೊಡ್ಡದಾಗಿ ‘ಇಲ್ಲಿ ಶಾಸ್ತ್ರ ಹೇಳುವುದಿಲ್ಲ’ ಎಂದು ಬರೆದೆ. ಸ್ವಲ್ಪ ಹೊತ್ತಿಗೆ ದೇವಕ್ಕ ಬಂದಳು, ಕಣ್ಣು ಕಿರಿದು ಮಾಡಿ ಓದಿದಳು, ಹಿಂದೆ ನಿಂತವರಿಗೆ ತಿಳಿಸಿ ಹೇಳಿದಳು: "ಇಲ್ಲಿ ಹೇಳೂದಿಲ್ಲಂತ. ಒಳಗ ಬರ್ರಿ." ಅಲ್ಲಿಯವರೆಗೆ ಕಟ್ಟೆಯ ಮೇಲಿದ್ದ ಜನ ಅಂದಿನಿಂದ ನಡುಮನೆಯಲ್ಲಿ ಕೂಡತೊಡಗಿದರು.

ಗುರುನಾಥ ಸರ್ ಹತ್ತಿರ ಹೋಗಿ ನಿವೇದಿಸಿಕೊಂಡೆ. "ಸರ್, ಮಂದಿ ನನ್ನ ಶಾಸ್ತ್ರ ಹೇಳಾಂವ ಅಂತ ತಿಳಕೊಂಡಾರ್ರಿ. ಏನ ಮಾಡ್ಲಿ?"

ಸರ್ ಕನ್ನಡಕ ತೆಗೆದರು. "ಅಂದ್ರ?" ಬರುತ್ತದೆ ಎಂದು ಕಾದೆ. ಬರಲಿಲ್ಲ. ಸುತ್ತ ನೋಡಿ, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೇಳಿದರು: "ಖರೇನ? ಹಂಗಾರ ನನ್ನ ಪ್ರಮೋಷನ್ ಯಾವಾಗ ಆಗತೈತಿ ಜರಾ ನೋಡು."

ಅದೇ ವಾರ ಒಂದು ಸಂಜೆ ನಾಗರತ್ನಾಳ ಫೋನ್ ಬಂತು.

"ನಮ್ಮ ಅತ್ತಿ ಕಣ್ಣಿನ ಪಟ್ಟಿ ಬಿಚ್ಯಾರ್ರಿ."

"ಛಲೋ ಆತಲ್ಲ!"

"ಏನ ಛಲೋ? ನಿಮ್ಮ ಊರಾಗ ಯಾರೋ ಎಂ.ಎ. ಅಜ್ಜಾರು ಅಂತ ಅದಾರಂತ. ರಾಮದುರ್ಗಕ್ಕ ಹೊಸದಾಗಿ ಬಂದ ಒಬ್ಬ ಕ್ಲರ್ಕ್ ಹೇಳ್ಯಾನ. ಅತ್ತಿ ನಾಳೆ ಅಲ್ಲಿಗೆ ಹೊಂಟಾರ. ಅಜ್ಜಾರು ಹುಡುಗಿ ಕೊಡ್ರಿ ಅಂದ್ರ ಕೊಡೂದು, ಬ್ಯಾಡ ಅಂದ್ರ ಬಿಡೂದು ಅಂತ ಠರಾವ ಆಗೇತಿ. ನಮ್ಮಪ್ಪನೂ ಹೂಂ ಅಂದಾನ. ನಿಮಗ ಆ ಅಜ್ಜಾರು ಗೊತ್ತೇನ್ರಿ?"

"ಗೊತ್ತು ಅಂದ್ರ..."

"ಅದನ್ನ ನನ್ನ ಮುಂದ ಶುರು ಮಾಡಬ್ಯಾಡ್ರಿ."

"ಗೊತ್ತು. ದಿನಾ ಮುಂಜಾನೆ ಭೆಟ್ಟಿ ಆಕ್ಕಾರ. ಕನ್ನಡ್ಯಾಗ."

ಸಂಬಂಧ ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಆ ಕಡೆಯಿಂದ ನಗೆ ಕೇಳಿಸಿತು, ಬಾಯಿಗೆ ಸೆರಗು ಒತ್ತಿ ನಕ್ಕ ನಗೆ.

"ಹಂಗಾರ ಲೆಕ್ಕ ಭಾಳ ಸಸಾರ ಆತಲ್ರಿ! ಕೊಡ್ರಿ ಅಂತ ಹೇಳ್ರಿ, ಮುಗೀತು."

"ಅದು ನನ್ನ ಲಾಭಕ್ಕ ಸುಳ್ಳು ಹೇಳಿದಂಗ ಆಗತೈತಿ. ನಾನು ಸೆಮಿನಾರಿನ್ಯಾಗ..."

"ಬರೇ ನಿಮ್ಮ ಲಾಭ ಅಂತ ಯಾರ ಹೇಳಿದ್ರು? ಅರ್ಧಾ ನನ್ನ ಹೆಸರಿಗೆ ಹಚ್ರಿ" ಎಂದಳು. ಇದು ನನ್ನ ಗ್ರಾಫಿನಲ್ಲಿ ಇರದ ಅಂಶ. "ಎರಡ ಅಕ್ಷರ ಅದಾವರಿ. ಕೊ. ಡ್ರಿ. ಇಷ್ಟೂ ಬರೂದಿಲ್ಲಂದ್ರ ಏನ ಎಂ.ಎ. ಮಾಡತೀರಿ?"

ಮರುದಿನ ಬೆಳಿಗ್ಗೆ ಕಾಲೇಜು ತಪ್ಪಿಸಿದೆ. ಕನ್ನಡಿಯ ಮುಂದೆ ನಿಂತು ಕೊಡ್ರಿ, ಕೊಡ್ರಿ ಎಂದು ಅಭ್ಯಾಸ ಮಾಡಿದೆ. ಅವ್ವ ಹಾಲಿನವನು ಬಂದಿದ್ದಾನೆಂದು ತಿಳಿದು ಎರಡು ಸಲ ಪಾತ್ರೆ ಹಿಡಿದು ಹೊರಗೆ ಬಂದಳು.

ಬಿಸಿಲೇರುವ ಹೊತ್ತಿಗೆ ಸುಂದರವ್ವ ಬಂದರು. ಇಳಕಲ್ ಸೀರೆ, ಕಣ್ಣಿಗೆ ಆಸ್ಪತ್ರೆಯವರು ಕೊಟ್ಟ ದೊಡ್ಡ ಕರಿ ಕನ್ನಡಕ. ಬೋರ್ಡು ಗೀರ್ಡು ಏನನ್ನೂ ಓದದೆ ನೇರ ನಡುಮನೆಗೆ ಬಂದು, ಕಾಯಿ, ಎಲೆ, ಅಡಿಕೆ ನನ್ನ ಮುಂದಿಟ್ಟು ಕುಳಿತರು. ಅಡಿಗೆಮನೆಯ ಬಾಗಿಲ ಹಿಂದೆ ಅವ್ವ ಮತ್ತು ಲಗಮವ್ವ ಎಂದಿನಂತೆ ಕಿವಿಗೊಟ್ಟು ನಿಂತಿದ್ದರು. ಬಂದವರು ಯಾರು ಎಂಬುದು ನನಗೊಬ್ಬನಿಗೇ ಗೊತ್ತು.

"ಶರಣ್ರಿ ಅಜ್ಜಾರ. ಧ್ವನಿ ಇನ್ನೂ ಎಳೇದೈತಿ ಅಂತ ಕೇಳಿದ್ನಿ, ಇರ್ಲಿ. ನನ್ನ ತಮ್ಮನ ಮಗಳಿಗೆ ಇದ ಊರಾಗ ಒಂದು ವರ ನೋಡೇವ್ರಿ. ಕೊಡಬೇಕೋ ಬ್ಯಾಡೋ ನಿಮ್ಮ ಬಾಯಾಗ ಬಂದಂಗ. ಒಂದ ಹೆದರಿಕಿ ಐತಿ. ಹುಡುಗಗ ತಲಿ ಕೆಟ್ಟೈತಂತ."

ಇದೇ ಸಮಯ. ನಾನು ಉಸಿರು ಎಳೆದುಕೊಂಡೆ. ಕೊ ಎಂದು ಬಾಯಿ ದುಂಡಗೆ ಮಾಡಿದೆ.

"ಕೆಟ್ಟೈತಿ ಅಂದ್ರ?" ಎಂದಿತು ನನ್ನ ಬಾಯಿ.

"ಹೇಳ್ತೇನ್ರಿ. ಬಂಗಾರದಂಥ ನೌಕರಿ ಬಿಟ್ಟು, ಮೂವತ್ತು ದಾಟಿದ ಮ್ಯಾಲೆ ಸಾಲಿಗೆ ಹೊಂಟಾನ."

"ನೌಕರಿ ಬಿಟ್ಟಾನ ಅಂದ್ರ? ಅದರ ಹಿಂದ ಏನರೆ ದೊಡ್ಡ ವಿಚಾರ..."

"ಬಿಟ್ಟಾನಂದ್ರ ಬಿಟ್ಟಾನ್ರಿ! ನೌಕರಿ ತಿಂಗಳಾ ಪಗಾರ ಕೊಡ್ತಿತ್ತು. ಅದನ್ನ ಬಿಟ್ಟ. ಹೆಂಡತಿ ಪಗಾರ ಕೊಡ್ತಾಳೇನು? ಆಕೀನ್ನ ಬಿಡಾಕ ಎಷ್ಟೊತ್ತು?"

ತರ್ಕದ ದೃಷ್ಟಿಯಿಂದ ಇದರಲ್ಲಿ ದೋಷ ಹುಡುಕುವುದು ಕಷ್ಟ. ಮೂರು ತಾಲೂಕಿನ ಜನಕ್ಕೆ ಬೇಕಾದ ಉತ್ತರ ಕೊಟ್ಟ ಮಾತು, ನನಗೆ ಬೇಕಾದ ಉತ್ತರದಿಂದ ನನ್ನನ್ನು ದೂರ ದೂರ ಒಯ್ಯುತ್ತಿತ್ತು.

"ಆದ್ರ ಹುಡುಗ ಛಲೋ ಅದಾನೋ ಇಲ್ಲೋ?" ಎಂದು ಹೇಗೋ ದಾರಿಗೆ ತರಲು ನೋಡಿದೆ.

"ಛಲೋ ಅಂದ್ರ?" ಎಂದರು ಸುಂದರವ್ವ.

ಗುರುನಾಥ ಸರ್ ಒಬ್ಬರನ್ನು ಬಿಟ್ಟರೆ ನನ್ನ ಮೇಲೆ ಯಾರೂ ಅದನ್ನು ಈವರೆಗೆ ಪ್ರಯೋಗಿಸಿರಲಿಲ್ಲ. ಅವರೇ ಮುಂದುವರಿಸಿದರು. "ಚಾದಾಗ ಚೂಡಾ ಹಾಕ್ಕೊಂಡ ಕುಡದನಂತ. ಅದು ಛಲೋನ? ನೋಡ್ರಿ, ನಿಮ್ಮ ಮುಂದ ಕುಂತ ಮ್ಯಾಲೆ ಎಲ್ಲಾ ಸಾಫ್ ಕಾಣಾಕ ಹತ್ತಿತು. ನೌಕರಿ ಬಿಟ್ಟಾಂವ ನಾಳೆ ಸನ್ಯಾಸಿ ಆಗಿ ಮನೀನೂ ಬಿಡ್ತಾನ. ಕೊಡೂದಿಲ್ಲಂತ ಠರಾವ ಆತು. ಭಾಳ ಉಪಕಾರ ಮಾಡಿದ್ರಿ ಅಜ್ಜಾರ."

ಮೊಣಕಾಲಿಗೆ ಕೈಯೂರಿ ಎದ್ದರು. ಮೊಬೈಲ್ ಕೈಗೆ ತೆಗೆದುಕೊಂಡರು. ಸವದತ್ತಿಗೆ ಫೋನ್ ಹೋದರೆ ನಾಗರತ್ನಾ ಹೋದಳು.

"ಅವ್ವಾರ, ಕುಂಡ್ರಿ!" ಎಂದು ಕಿರುಚಿದೆ. "ಆ ಹುಡುಗ ನಾನ!"

ಬಾಗಿಲ ಹಿಂದೆ ಒಂದು ತಾಟು ಬಿತ್ತು. ಸುಂದರವ್ವ ಕರಿ ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವ? ಅಜ್ಜಾರು?"

"ಅಜ್ಜಾರಲ್ರಿ. ನನಗ ಯಾವ ಶಾಸ್ತ್ರಾನೂ ಬರೂದಿಲ್ಲ."

"ಎಮ್ಮಿ ಹುಡುಕಿ ಕೊಟ್ಟೀಯಂತ?"

"ಅದನ್ನ ಲಗಮವ್ವನ ಹುಡುಕಿಕೊಂಡ್ಲು."

"ಕ್ಲರ್ಕಗ ವರ್ಗ ಹೇಳೀಯಂತ?"

"ರಾಮದುರ್ಗ ಅಂತ ಅವನ ಅಂದ."

"ಹುಡುಗೀನ್ನ ಕೊಡಬ್ಯಾಡ ಅಂತ?"

"ಅದನ್ನೂ ನೀವ ಅಂದ್ರಿ."

"ಮತ್ತ ನೀ ಏನ ಹೇಳಿದಿ?"

"ನಾ ಏನೂ ಹೇಳಿಲ್ರಿ."

ಸುಂದರವ್ವ ಮತ್ತೆ ಕುಳಿತರು. ಕಾಯಿಯನ್ನು ತಮ್ಮ ಕಡೆ ಎಳೆದುಕೊಂಡರು. "ಅಲ್ಲೋ ಹುಚ್ಚಪ್ಪಾ, ನಾ ಯಾರಂತ ನಿನಗ ಗೊತ್ತಿತ್ತು?"

"ಹೌದ್ರಿ. ನಾಗರತ್ನಾ ನಿನ್ನೇನ ಹೇಳಿದ್ಲು."

"ಗೊತ್ತಿದ್ದೂ ‘ಕೊಡ್ರಿ’ ಅಂತ ಒಂದ ಮಾತ ಅನ್ನಲಿಲ್ಲ? ಅಂದಿದ್ರ ನಾ ಕಾಯಿ ಒಡದು, ಕೊಟ್ಟ ಹೋಗತಿದ್ನೆಲ್ಲೋ!"

ಸತ್ಯನಿಷ್ಠೆಯಿಂದ ಅನ್ನಲಿಲ್ಲ ಎಂದು ಹೇಳಿಕೊಳ್ಳುವ ಸುವರ್ಣಾವಕಾಶ ಅದು. "ಅದನ್ನ ಅನ್ನಬೇಕಂತ ಮುಂಜಾನಿಂದ ತಯಾರಿ ಮಾಡೇನ್ರಿ. ಬಾಯಿಗೆ ಬರಲಿಲ್ಲ" ಎಂದೆ.

"ಏನ ಬಂತು?"

"ಅಂದ್ರ, ಅಂತ ಬಂತು."

ಸುಂದರವ್ವ ಅಡಿಗೆಮನೆಯ ಕಡೆ ತಿರುಗಿದರು. "ಯಾರದೀರಿ ಒಳಗ? ಬರ್ರಿ ಹೊರಗ. ಇಂವ ಹುಟ್ಟಿಂದಾ ಹಿಂಗ ಅದಾನೇನು?"

ಅವ್ವ ಸೆರಗು ಸರಿಪಡಿಸಿಕೊಳ್ಳುತ್ತ ಬಂದು ನಿಂತಳು. ಮಗನ ಮಾನ ಉಳಿಸಬೇಕೆಂದು ಕ್ಷಣ ವಿಚಾರಿಸಿದಳು. "ಮದಲ ಜರಾ ಕಡಿಮಿ ಇತ್ರಿ" ಎಂದಳು. ಹಿಂದಿನಿಂದ ಲಗಮವ್ವ, "ಅಜ್ಜಾರಿಗೆ ಹಂಗ ಅನಬ್ಯಾಡ್ರಿ, ಪಾಪ ಬರತೈತಿ" ಎಂದು ಅತ್ತಳು.

"ಚಾ ಮಾಡಾಕ ಬರತೈತೇನೋ?" ಎಂದು ಸುಂದರವ್ವ ನನ್ನನ್ನು ಕೇಳಿದರು.

"ಬರತೈತ್ರಿ."

"ಹೋಗ, ಮಾಡ್ಕೊಂಡ ಬಾ."

ಒಳಗೆ ಹೋಗಿ ಒಲೆ ಹಚ್ಚಿದೆ. ಹೊರಗೆ ಫೋನ್ ಹೋಯಿತು. ಕಣ್ಣಿಗೆ ಅಕ್ಷರ ಕಾಣದ್ದರಿಂದ ಅವರ ಮೊಬೈಲು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ.

"ಏನಕ್ಕಾ? ಅಜ್ಜಾರು ಏನಂದ್ರು?" ನಿಜಗುಣಪ್ಪನವರ ಧ್ವನಿ.

"ಅಜ್ಜಾರು ಚಾ ಮಾಡಾಕ ಹೋಗ್ಯಾರ. ನೀ ಸಾಕರಪುಡಿ ತಯಾರಿ ಮಾಡೋ."

"ಮತ್ತ ಹುಡುಗ ಸನ್ಯಾಸಿ ಆದ್ರ?"

"ಅದರ ಚಿಂತಿ ಬಿಡು. ಸ್ವಾಮಿ ಆಗಬೇಕಂದ್ರ ಮುಂದ ಕುಂತಾವ್ರಿಗೆ ಹೂಂ ಅರೆ, ಉಹೂಂ ಅರೆ, ಎರಡ್ರಾಗ ಒಂದ ಹೇಳಾಕ ಬರಬೇಕಲ್ಲ? ಇಂವಗ ತನ್ನ ಸ್ವಂತ ಮದವಿಗೇ ಹೂಂ ಅನ್ನಾಕ ಬರಲಿಲ್ಲೋ. ಮನಿ ಬಿಡೂದು ಅಂದ್ರ ಸಣ್ಣ ಮಾತಲ್ಲ, ಅದಕ್ಕ ಒಂದ ಗಟ್ಟಿ ಮನಸು ಬೇಕು, ಜರಾ ಬುದ್ಧಿ ಬೇಕು. ಇಂವ ಹಂಗ ಬಿಟ್ಟ ಹೊಂಟ್ರೂ ಬಸ್‌ಸ್ಟ್ಯಾಂಡಿಗೆ ಹೋಗಿ, ಬಸ್ಸ್ ಅಂದ್ರ ಏನು ಅಂತ ವಿಚಾರ ಮಾಡ್ಕೋತ ಕುಂಡ್ರತಾನ. ಸಂಜಿ ಮುಂದ ನಮ್ಮ ನಾಗಿ ಹೋಗಿ ಕರಕೊಂಡ ಬರ್ತಾಳ. ನಾಗಿ ಹುಷಾರ ಅದಾಳ, ಇಂವ ಹಿಂಗ ಅದಾನ. ಒಂದ ಮನಿಗೆ ಒಬ್ರು ಹುಷಾರ ಇದ್ರ ಸಾಕು."

ಕೈಯಲ್ಲಿ ಸಕ್ಕರೆಯ ಚಮಚ ಹಿಡಿದು ನಾನು ಎಲ್ಲವನ್ನೂ ಕೇಳಿದೆ. ನನಗೆ ಅನುಕೂಲವಾದ ತೀರ್ಮಾನವೇನೋ ಹೌದು. ಆದರೆ ಆ ವಾದದಲ್ಲಿ ಕನಿಷ್ಠ ಎರಡು ದೋಷಗಳಿದ್ದವು. ಹೇಳಲು ಬಾರದಿರುವುದು ಬೇರೆ, ಹೇಳದಿರುವುದು ಬೇರೆ. ಮನೆ ಬಿಡುವವನಿಗೆ ಬುದ್ಧಿ ಬೇಕೇ ಬೇಕು ಎಂಬುದಕ್ಕೆ ಪುರಾವೆ ಸಾಲದು. ಹೊರಗೆ ಹೋಗಿ ಇದನ್ನು ಸಮಾಧಾನವಾಗಿ ಬಿಡಿಸಿ ಹೇಳಿದರೆ ಸುಂದರವ್ವನವರಂಥ ತರ್ಕಬದ್ಧ ಮನಸ್ಸಿನವರು ಒಪ್ಪದೇ ಇರಲಾರರು ಎನ್ನಿಸಿತು. ಚಮಚ ಕೆಳಗಿಟ್ಟು, ಗಂಟಲು ಸರಿಪಡಿಸಿಕೊಂಡು ಬಾಗಿಲ ತನಕ ಬಂದೆ.

ಅವ್ವ ನನ್ನ ಮುಖ ನೋಡಿದಳು. ಅಡಿಗೆಮನೆಯ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದಳು.